ಅಕ್ಕನ ಅಂಚೆ: ಬಿಡುಗಡೆಯ ದಿನದ ಫೋಟೊ

ಕಲಬುರಗಿಯಲ್ಲಿ 26 ವರ್ಷ ಮನೋರೋಗ ವಾರ್ಡಿನ ಶುಶ್ರೂಷಕಿಯಾಗಿದ್ದ ನಮ್ಮ ಅಂಕಣಗಾರ್ತಿ ಓದುಗರಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ಅಕ್ಕಾ, ನನ್ನ ತಮ್ಮ ಸಿ.ಎಚ್. ಪೌಡರ್ ಬೆರೆಸಿದ ಸೇಂದಿಯ ಚಟಕ್ಕೆ ಬಿದ್ದಿದ್ದ. ಖಾಸಗಿ ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಒಂದು ತಿಂಗಳಿದ್ದು ಗುಣವಾದ. ಬಿಡುಗಡೆಯ ದಿನ ಅಲ್ಲಿಯವರು ಅವನಿಗೆ ಹಾರ ಹಾಕಿ, ಸೇರಿದ ದಿನದ ಫೋಟೊವನ್ನೂ ಅಂದಿನ ಫೋಟೊವನ್ನೂ ಜೋಡಿಸಿ, ಊರಿನ ಹೆಸರು ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಟ್ಟರು. ನಿಶ್ಚಯವಾಗಿದ್ದ ಮದುವೆ ಮುರಿಯಿತು. ಈಗ ಮಾತ್ರೆ ತರಲೂ ಅಲ್ಲಿಗೆ ಕಾಲಿಡುವುದಿಲ್ಲ ಎನ್ನುತ್ತಾನೆ. ನಾನು ದೂರು ಕೊಡಬಹುದೇ?
— ಯಾದಗಿರಿ ಜಿಲ್ಲೆಯ ಓದುಗರು

ಉತ್ತರ: ತಂಗೀ, ನಿಮ್ಮ ಪತ್ರದಲ್ಲಿದ್ದ ಊರು, ತಮ್ಮನ ಕೆಲಸ, ಕೇಂದ್ರದ ಹೆಸರು ಮೂರನ್ನೂ ತೆಗೆದು ಅಚ್ಚಿಗೆ ಕೊಟ್ಟಿದ್ದೇನೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಪತ್ರ ಇದ್ದ ಹಾಗೆಯೇ ಅಚ್ಚಾಗಿದ್ದರೆ ತಮ್ಮನ ಮಾತು ಎರಡನೆಯ ಸಲ ಬೀದಿಗೆ ಬರುತ್ತಿತ್ತು. ದೂರು ಕೊಡಲೇ ಎಂದು ನನ್ನನ್ನು ಕೇಳುವ ಮೊದಲು ಅವನನ್ನು ಕೇಳಿರಿ. ಬೇಡ ಎಂದರೆ ಸದ್ಯಕ್ಕೆ ಸುಮ್ಮನಿರಿ.

ಆ ಸೇರಿದ ದಿನದ ಫೋಟೊ ಎಂತಹದು ಎಂದು ನನಗೆ ಗೊತ್ತು. ಸಿ.ಎಚ್. ಪೌಡರ್ ಎಂದರೆ ಕ್ಲೋರಲ್ ಹೈಡ್ರೇಟ್, ನಿದ್ರೆ ಬರಿಸುವ ರಾಸಾಯನಿಕ. ಅದಕ್ಕೆ ಒಗ್ಗಿದ ಮೈಗೆ ಒಮ್ಮೆಲೇ ಸಿಗದಿದ್ದರೆ ಕೈಕಾಲು ನಡುಗುತ್ತವೆ, ಮೈ ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ. ಒಬ್ಬರು ರಾತ್ರಿಯಿಡೀ ಹಾಸಿಗೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕಿ ಹೆಕ್ಕಿ ನನ್ನ ಅಂಗೈಗೆ ಹಾಕುತ್ತಿದ್ದರು. ನಾನು ಬೆಳಗಾಗುವವರೆಗೆ ಕೈಯೊಡ್ಡಿ ಕುಳಿತಿದ್ದೆ. ಹೆಸರು, ಊರು, ವರ್ಷ ಯಾವುದೂ ಇಲ್ಲದೆ ಇಷ್ಟನ್ನೇ ಹೇಳಬಲ್ಲೆ. ಅವರ ಮನೆಯವರಿಗೂ ಇದನ್ನು ಹೇಳಲಿಲ್ಲ. ಅಂತಹ ಹೊತ್ತಿನಲ್ಲಿರುವವನ ಎದುರು ಮೊಬೈಲ್ ಎತ್ತಿ ಹಿಡಿಯುವುದಕ್ಕೆ ಯಾರಿಗಾದರೂ ಹೇಗೆ ಮನಸ್ಸು ಬರುತ್ತದೆ!

ಕಾನೂನು ನಿಮ್ಮ ತಮ್ಮನ ಕಡೆಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಉಂಟಾಗುವ ಮಾನಸಿಕ ಸ್ಥಿತಿಗಳೂ ಸೇರಿವೆ. ಅದರ 23ನೆಯ ಕಲಂ ರೋಗಿಯ ವಿವರಗಳನ್ನು ಗುಟ್ಟಾಗಿಡಬೇಕೆಂದು ಹೇಳುತ್ತದೆ. 24ನೆಯ ಕಲಂ ಪ್ರಕಾರ ಅವರ ಒಪ್ಪಿಗೆಯಿಲ್ಲದೆ ಫೋಟೊವಾಗಲಿ ಮಾಹಿತಿಯಾಗಲಿ ಮಾಧ್ಯಮಕ್ಕೆ ಕೊಡುವಂತಿಲ್ಲ. ಕಂಪ್ಯೂಟರ್, ಮೊಬೈಲುಗಳಲ್ಲಿರುವ ವಿವರಗಳಿಗೂ ಗೋಪ್ಯತೆಯ ಹಕ್ಕು ಅನ್ವಯಿಸುತ್ತದೆ. ಸೇರುವಾಗಲೇ ಸಹಿ ಪಡೆದಿದ್ದೇವೆ ಎಂದು ಕೇಂದ್ರದವರು ಹೇಳಬಹುದು. ಪೆನ್ನು ಹಿಡಿಯಲಾರದೆ ನಡುಗುವ ಕೈಯಿಂದ, ಹತ್ತು ಹಾಳೆಗಳ ನಡುವೆ ಹಾಕಿಸಿಕೊಂಡ ಸಹಿಯನ್ನು ನಾನಂತೂ ಒಪ್ಪಿಗೆ ಎನ್ನುವುದಿಲ್ಲ.

ತಮ್ಮ ಹೂಂ ಎಂದರೆ ಫೋಟೊದ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಅದನ್ನು ಅಳಿಸಬೇಕೆಂದು ಕೇಂದ್ರದ ಮುಖ್ಯ ವೈದ್ಯರಿಗೆ ಬರೆದು ಕೊಡಿರಿ, ಸ್ವೀಕೃತಿ ಪಡೆಯಿರಿ. ಅವರು ಕಿವಿಗೊಡದಿದ್ದರೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು. ಬರೆಯಲು ನೆರವು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ನೋಡದೆ ಉಚಿತ ನೆರವು ಕೊಡುತ್ತಾರೆ. ಈ ಕಾಯ್ದೆಯನ್ನು ಮೊದಲ ಸಲ ಮುರಿದವರಿಗೆ 6 ತಿಂಗಳವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಆದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಅವನ ಮಾತ್ರೆ. ದೂರು ತಿಂಗಳು ತಡವಾದರೂ ನಡೆಯುತ್ತದೆ, ಮಾತ್ರೆ ತಡವಾಗಬಾರದು. ಆ ಕೇಂದ್ರಕ್ಕೇ ಹೋಗಬೇಕೆಂದೇನೂ ಇಲ್ಲ. ತನ್ನ ಚಿಕಿತ್ಸೆಯ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕು ಅವನಿಗಿದೆ. ಅವುಗಳೊಂದಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲಿ. ಊರಿನವರ ಕಣ್ಣಿಗೆ ಬೀಳುವ ಅಳುಕಿದ್ದರೆ ಕಲಬುರಗಿಗೆ ಬರಲಿ. ನಡುರಾತ್ರಿ ಕುಡಿಯುವ ಆಸೆ ಕೆರಳಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಲಿ, ಹಗಲಿರುಳು ಉಚಿತ.

ಪ್ರಶ್ನೆ: ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ನನ್ನದು. ಕುಡಿತ ಬಿಡಲು ಮೂರು ವಾರ ದಾಖಲಾಗಿದ್ದೆ. ಮೇಸ್ತ್ರಿ ಡಿಸ್ಚಾರ್ಜ್ ಕಾರ್ಡನ್ನೇ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ: ಬೇಡ, ಅಣ್ಣಾ. ಆ ಕಾರ್ಡಿನಲ್ಲಿ ನೀವು ಎಂದಿನಿಂದ ಎಷ್ಟು ಕುಡಿದಿರಿ, ಮನೆಯಲ್ಲಿ ಏನು ಜಗಳ ಎಂಬುದೂ ಇರುತ್ತದೆ. ಇಂತಹ ದಿನದಿಂದ ಇಂತಹ ದಿನದವರೆಗೆ ಚಿಕಿತ್ಸೆಯಲ್ಲಿದ್ದರು, ಈಗ ಕೆಲಸಕ್ಕೆ ಯೋಗ್ಯರು ಎಂಬ ಪ್ರಮಾಣಪತ್ರವನ್ನು ವೈದ್ಯರಿಂದ ಬರೆಸಿಕೊಳ್ಳಿರಿ. ಕೇಂದ್ರದ ಹೆಸರಿರುವ ಹಾಳೆ ಬೇಡವೆಂದೂ ಕೇಳಿಕೊಳ್ಳಿರಿ. ಯಂತ್ರದ ಬಳಿ ನಿಮ್ಮ ಕೆಲಸವಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ. ಆರಂಭದಲ್ಲಿ ಕೊಡುವ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ.

ಪ್ರಶ್ನೆ: ನನ್ನ ಗಂಡ ವ್ಯಸನಮುಕ್ತಿ ಕೇಂದ್ರದಲ್ಲಿದ್ದಾರೆ. ಫೋನ್ ಮಾಡಿದರೆ 'ಇಲ್ಲಿದ್ದಾರೋ ಇಲ್ಲವೋ ಹೇಳಲಾಗದು' ಎನ್ನುತ್ತಾರೆ. ಹೆಂಡತಿಗೂ ಹೇಳಬಾರದೇ?
— ಹುಮನಾಬಾದ

ಉತ್ತರ: ನಿಮಗೆ ನೋವಾಗಿದೆ, ಆದರೆ ಫೋನ್ ಎತ್ತಿದವರು ಸರಿಯಾದದ್ದನ್ನೇ ಮಾಡಿದ್ದಾರೆ. ನಾನು ಹೊಸಬಳಾಗಿದ್ದಾಗ ಹಾಗೆ ಮಾಡಲಿಲ್ಲ. 'ನಾನು ಅವನ ಸೋದರಮಾವ' ಎಂದು ಅಳುವ ಧ್ವನಿಯಲ್ಲಿ ಕೇಳಿದವನಿಗೆ ಹೌದು, ಇದ್ದಾರೆ ಎಂದುಬಿಟ್ಟೆ. ಅವನು ಸಾಲ ಕೊಟ್ಟವನು. ಮರುದಿನ ಬೆಳಗ್ಗೆ ವಾರ್ಡಿನ ಬಾಗಿಲಿಗೇ ಬಂದು ಕೂಗಾಡಿದ. ರೋಗಿ ಸಂಜೆಯೊಳಗೆ ಯಾರಿಗೂ ಹೇಳದೆ ಹೊರಟುಹೋದರು, ಮತ್ತೆ ಬರಲಿಲ್ಲ. ಅಂದಿನಿಂದ ಮೇಜಿನ ಮೇಲಿನ ಹಾಜರಿ ಪುಸ್ತಕವನ್ನೂ ತೆರೆದಿಟ್ಟು ಎದ್ದವಳಲ್ಲ ನಾನು.

ನಿಮಗೆ ದಾರಿಯಿದೆ. ಯಜಮಾನರು ನಿಮ್ಮನ್ನು ತಮ್ಮ ನಾಮನಿರ್ದೇಶಿತ ಪ್ರತಿನಿಧಿ ಎಂದು ಬರೆದುಕೊಟ್ಟರೆ, ಆರೈಕೆಗೆ ಬೇಕಾದ ವಿಷಯಗಳನ್ನು ಕೇಂದ್ರದವರು ನಿಮಗೆ ಹೇಳಬಹುದು. ಛಾಪಾ ಕಾಗದ, ವಕೀಲರು ಯಾವುದೂ ಬೇಡ. ಸಾದಾ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು. ಒತ್ತಾಯ ಮಾಡಬೇಡಿರಿ, ಕೇಳಿ ನೋಡಿರಿ. ಮುಂದಿನ ಭೇಟಿಗೆ ಹೋಗುವಾಗ ಬುತ್ತಿಯ ಚೀಲದಲ್ಲಿ ಒಂದು ಬಿಳಿ ಹಾಳೆ, ಒಂದು ಪೆನ್ನು ಇಟ್ಟುಕೊಳ್ಳಿರಿ.