ಕನ್ನಡ ಮೀಡಿಯಂ ಓದಿದ ಮಗಳಿಗೆ ಮೊದಲ ಇಂಗ್ಲಿಷ್ ಕ್ಲಾಸಿಕ್ ಯಾವುದು ಕೊಡಲಿ?

ಮಗಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಈಗ ಮೊದಲ ಪಿಯುಸಿ, ಕನ್ನಡದಲ್ಲಿ ತೇಜಸ್ವಿಯವರನ್ನೆಲ್ಲ ಓದಿ ಮುಗಿಸಿದ್ದಾಳೆ, ಇಂಗ್ಲಿಷ್ ಕ್ಲಾಸಿಕ್ ಓದಬೇಕು ಅಂತ ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಹಿಡಿದು ಮೂವತ್ತನೇ ಪುಟಕ್ಕೆ ಸುಸ್ತಾದಳು, ಈಗ ಏನು ಕೊಡಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಆ ಪುಸ್ತಕ ಎತ್ತಿಡಿ. ತಪ್ಪು ಅವಳದ್ದಲ್ಲ. ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದ ಮೇಲೆ ಇಂಗ್ಲಿಷ್ ಪಾಠ ಮಾಡಿದವನು, ಇಂಥ ಮಕ್ಕಳು ಪ್ರತಿ ವರ್ಷ ಸಿಗುತ್ತಿದ್ದರು. ಹದಿನಾರರ ತಲೆ, ಹತ್ತರ ಇಂಗ್ಲಿಷ್. ಚಿಕ್ಕ ಮಕ್ಕಳ ಕಥೆ ಕೊಟ್ಟರೆ ಅವಮಾನ, ದಪ್ಪ ಕಾದಂಬರಿ ಕೊಟ್ಟರೆ ತಲೆನೋವು. ಅದಕ್ಕೇ ಹೆಸರು ನೋಡಿ ಪುಸ್ತಕ ಆರಿಸಬೇಡಿ, ಅದು ಯಾವ ಥರ ಕಷ್ಟ ಕೊಡುತ್ತೆ ಅಂತ ನೋಡಿ ಆರಿಸಿ.

ನಾನೇ ಒಮ್ಮೆ ಎಡವಿದ್ದೇನೆ. ಒಬ್ಬ ಜಾಣ ಹುಡುಗಿಗೆ ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' ಕೊಟ್ಟೆ. ಒಂದು ವಾರ ಬಿಟ್ಟು ನೋಟ್‌ಬುಕ್ ಹಿಡಿದು ಬಂದಳು, ಅದರ ತುಂಬ ಪದಗಳು. 'ಮೇಸ್ಟರ್' ಅಂತೆ, 'ಫೌಲ್ಡ್' ಅಂತೆ. "ಸರ್, ಇವು ಡಿಕ್ಷನರಿಯಲ್ಲಿ ಸಿಗ್ತಾನೇ ಇಲ್ಲ." ಎಲ್ಲಿಂದ ಸಿಗಬೇಕು? ಜೋಸೆಫ್ ಅನ್ನುವ ಮುದುಕ ಆಳು ಆಡುವ ಯಾರ್ಕ್‌ಷೈರ್ ಕಡೆಯ ಮಾತು ಅದು. 'ಮೇಸ್ಟರ್' ಅಂದರೆ ಮಾಸ್ಟರ್, 'ಫೌಲ್ಡ್' ಅಂದರೆ ಫೋಲ್ಡ್, ಅಂದರೆ ಕುರಿದೊಡ್ಡಿ. ಅವನ ಬಾಯಲ್ಲಿ ಹೇಗೆ ಬರುತ್ತೋ ಹಾಗೇ ಬರೆದಿದ್ದಾಳೆ ಲೇಖಕಿ. ಕನ್ನಡ ಕಲಿಯೋಕೆ ಶುರು ಮಾಡಿರುವ ದೆಹಲಿಯವರ ಕೈಗೆ ದೇವನೂರರ 'ಕುಸುಮಬಾಲೆ' ಕೊಟ್ಟ ಹಾಗಾಯಿತು. ಎರಡೂ ದೊಡ್ಡ ಕೃತಿಗಳೇ, ಆದರೆ ಮೊದಲ ದಿನಕ್ಕಲ್ಲ. ಮಾರ್ಕ್ ಟ್ವೇನ್‌ನ 'ಹಕಲ್‌ಬರಿ ಫಿನ್' ಕೂಡ ಇದೇ ಕಾರಣಕ್ಕೆ ಆಮೇಲಿರಲಿ.

ನನ್ನ ಕೇಳಿದರೆ ಮೊದಲ ಪುಸ್ತಕ ಆರ್ವೆಲ್‌ನ 'ಅನಿಮಲ್ ಫಾರ್ಮ್'. 1945ರದ್ದು, ಬರೀ ಹತ್ತು ಅಧ್ಯಾಯ, ವಾಕ್ಯ ಎಲ್ಲೂ ಸುತ್ತಿ ಬಳಸಿ ಹೋಗುವುದಿಲ್ಲ. ಪ್ರಾಣಿಗಳು ಯಜಮಾನನನ್ನು ಓಡಿಸಿ ಗೋಡೆ ಮೇಲೆ ಏಳು ಕಟ್ಟಳೆ ಬರೆಯುತ್ತವೆ. ಅದರಲ್ಲಿ ಒಂದು, ಯಾವ ಪ್ರಾಣಿಯೂ ಹಾಸಿಗೆ ಮೇಲೆ ಮಲಗಬಾರದು ಅಂತ. ಆಮೇಲೆ ಹಂದಿಗಳು ಹೋಗಿ ಯಜಮಾನನ ಹಾಸಿಗೆ ಮೇಲೇ ಮಲಗುತ್ತವೆ. ಗೋಡೆ ನೋಡಿದರೆ, ಕಟ್ಟಳೆಯ ಕೊನೆಗೆ ಎರಡು ಪದ ಸೇರಿಕೊಂಡಿದೆ: 'ವಿತ್ ಶೀಟ್ಸ್'. ಚಾದರ ಹಾಸಿದ ಹಾಸಿಗೆ ಮಾತ್ರ ನಿಷೇಧವಂತೆ! ಪುಸ್ತಕದ ಉದ್ದಕ್ಕೂ ಕಟ್ಟಳೆಗಳು ಹೀಗೇ ಒಂದೊಂದಾಗಿ ಜಾರುತ್ತವೆ. ಎರಡು ಪುಟ್ಟ ಪದ ಸೇರಿದರೆ ವಾಕ್ಯದ ಅರ್ಥ ಹೇಗೆ ತಿರುಗುತ್ತೆ ಅಂತ ನಾನು ಬೋರ್ಡ್ ಮೇಲೆ ಒಂದು ಗಂಟೆ ಹೇಳಿದರೂ ಇಷ್ಟು ನಾಟುವುದಿಲ್ಲ. ಈ ಕಥೆಯ ಹಿಂದಿರುವ ರಷ್ಯಾದ ಕ್ರಾಂತಿಯ ಬಗ್ಗೆ ಮೊದಲೇ ಪಾಠ ಮಾಡಬೇಡಿ, ಕಥೆ ಮುಗಿದ ಮೇಲೆ ಹೇಳಿ.

ಎರಡನೆಯದು ಹೆಮಿಂಗ್ವೇಯ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ', 1952. ಮುದುಕ, ಒಬ್ಬನೇ ದೋಣಿಯಲ್ಲಿ, 84 ದಿನದಿಂದ ಒಂದೂ ಮೀನು ಸಿಕ್ಕಿಲ್ಲ, ಇಷ್ಟೂ ಮೊದಲ ವಾಕ್ಯದಲ್ಲೇ ಬಂದುಬಿಡುತ್ತೆ. ಅಲ್ಲಿ ಗೊತ್ತಿಲ್ಲದ ಪದ ಅಂದರೆ 'ಸ್ಕಿಫ್' ಒಂದೇ ಇರಬಹುದು, ಅದೂ ದೋಣಿ ಅಂತ ತಾನೇ ತಿಳಿಯುತ್ತೆ. ಆದರೆ ಮಧ್ಯದಲ್ಲಿ ಮುದುಕ, ಮೀನು, ಸಮುದ್ರ ಬಿಟ್ಟರೆ ಬೇರೇನಿಲ್ಲ, ಕೆಲವು ಮಕ್ಕಳಿಗೆ ಬೋರ್ ಹೊಡೆಯುತ್ತೆ. ಬೋರ್ ಆದರೆ ಬಿಡಲಿ, ಪರವಾಗಿಲ್ಲ.

ನಮ್ಮವರದ್ದೂ ಇದೆಯಲ್ವಾ. ಆರ್.ಕೆ. ನಾರಾಯಣ್ ಅವರ 'ಸ್ವಾಮಿ ಅಂಡ್ ಫ್ರೆಂಡ್ಸ್' (1935) ಶುರುವಾಗುವುದೇ ಸೋಮವಾರ ಬೆಳಗ್ಗೆ ಕಣ್ಣು ಬಿಡೋಕೆ ಮನಸ್ಸಿಲ್ಲದ ಹುಡುಗನಿಂದ. ಶಂಕರ್‌ನಾಗ್ ಅವರ ಸೀರಿಯಲ್ ನೋಡಿದ್ದರೆ ಇನ್ನೂ ಸಲೀಸು. ರಾಜಾ ರಾವ್ ಅವರ 'ಕಾಂತಾಪುರ' (1938) ಮಾತ್ರ ಬೇರೆ ಜಾತಿಯದು. ಹಳ್ಳಿಯ ಅಜ್ಜಿ ಕಥೆ ಹೇಳುವ ಹಾಗೆ ಉದ್ದುದ್ದ ವಾಕ್ಯ, ಒಳಗೆಲ್ಲ ಕನ್ನಡದ ಲಯ. ನಿಮ್ಮ ಮಗಳು ಖುಷಿಪಡುತ್ತಾಳೆ, ಆದರೆ ಇಂಗ್ಲಿಷ್ ವಾಕ್ಯ ಕಟ್ಟುವುದನ್ನು ಅದರಿಂದ ಕಲಿಯಲು ಹೋಗಬಾರದು.

ಷರ್ಲಾಕ್ ಹೋಮ್ಸ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ನನಗೆ ಹಾಗನ್ನಿಸಿಲ್ಲ. ಗೊತ್ತಿರುವ ಪದಗಳೇ ಅಲ್ಲಿ ಮೋಸ ಮಾಡುತ್ತವೆ. 'ಟ್ರ್ಯಾಪ್' ಅಂದರೆ ಅಲ್ಲಿ ಬೋನಲ್ಲ, ಕುದುರೆಗಾಡಿ. 'ಡಾಗ್‌ಕಾರ್ಟ್' ಕೂಡ ಕುದುರೆಗಾಡಿಯೇ. ನನ್ನ ಕ್ಲಾಸಿನ ಒಬ್ಬ ಹುಡುಗ ನಾಯಿ ಕಟ್ಟಿದ ಗಾಡಿಯ ಚಿತ್ರವನ್ನೇ ಬರೆದು ತಂದಿದ್ದ! ಜೇನ್ ಆಸ್ಟಿನ್ ಕೊಡುವ ಕಷ್ಟ ಇನ್ನೊಂದು ಥರ. 'ಪ್ರೈಡ್ ಅಂಡ್ ಪ್ರೆಜುಡೀಸ್'ನ ಮೊದಲ ವಾಕ್ಯ, ದುಡ್ಡಿರುವ ಬ್ರಹ್ಮಚಾರಿಗೆ ಹೆಂಡತಿ ಬೇಕೇಬೇಕು, ಇದು ಲೋಕವೇ ಒಪ್ಪಿದ ಸತ್ಯ ಅನ್ನುತ್ತೆ. ಪದಗಳೆಲ್ಲ ಬಿಡಿಸಿದರೂ ಅದು ತಮಾಷೆ ಅಂತ ಹೊಳೆಯದಿದ್ದರೆ ಪುಸ್ತಕ ಸಪ್ಪೆ. ಹೆಂಡತಿ ಬೇಕಾಗಿರುವುದು ಅವನಿಗಲ್ಲ, ಗಂಡು ಬೇಕಾಗಿರುವುದು ಹೆಣ್ಣು ಹೆತ್ತವರಿಗೆ ಅಂತ ಒಂದು ಸಲ ಹೇಳಿ, ಸಂಬಂಧ ಹುಡುಕುವ ಮನೆಗಳನ್ನು ನೋಡಿರುವ ನಮ್ಮ ಹುಡುಗಿಯರು ಮಿಕ್ಕಿದ್ದನ್ನು ತಾವೇ ಹಿಡಿಯುತ್ತಾರೆ. ಎರಡನೇ ಪಿಯುಸಿಗೆ ಇಟ್ಟುಕೊಳ್ಳಿ.

ಓದುವಾಗ ಪದಪದಕ್ಕೂ ಡಿಕ್ಷನರಿ ಬೇಡ. ಒಂದು ಅಧ್ಯಾಯ ಸುಮ್ನೆ ಓದಿಕೊಂಡು ಹೋಗಲಿ, ಎರಡನೇ ಸಲ ಓದುವಾಗ ದಾರಿಗೆ ಅಡ್ಡ ಬಂದ ನಾಲ್ಕೈದು ಪದ ಮಾತ್ರ ನೋಡಲಿ. ಡಿಕನ್ಸ್, ಆಸ್ಟಿನ್, ಹೋಮ್ಸ್ ಎಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತೆ, ಲಿಬ್ರಿವಾಕ್ಸ್ ಅನ್ನುವ ಇನ್ನೊಂದು ವೆಬ್‌ಸೈಟ್‌ನಲ್ಲಿ ಅವನ್ನೇ ಓದಿ ಕೇಳಿಸುತ್ತಾರೆ, ಕಿವಿಗೆ ಹಾಕಿಕೊಂಡು ಪುಟ ನೋಡುತ್ತಾ ಹೋದರೆ ಉದ್ದ ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತೆ ಅಂತ ಗೊತ್ತಾಗುತ್ತೆ.

ಎತ್ತಿಟ್ಟ ಡಿಕನ್ಸ್‌ನನ್ನು ಬರುವ ಬೇಸಿಗೆ ರಜೆಗೆ ತೆಗೆಯಿರಿ. ಆ ಕಾದಂಬರಿ ಮೊದಲು ಬಂದದ್ದು ವಾರಪತ್ರಿಕೆಯಲ್ಲಿ, 1860ರ ಡಿಸೆಂಬರಿನಿಂದ 36 ವಾರ, ನಮ್ಮ ಧಾರಾವಾಹಿಗಳ ಹಾಗೇ. ಒಟ್ಟು 59 ಅಧ್ಯಾಯ. ಅವಳೂ ವಾರಕ್ಕೆ ಎರಡೇ ಅಧ್ಯಾಯ ಓದಲಿ, ಜಾಸ್ತಿ ಬೇಡ. ಮೊದಲ ಅಧ್ಯಾಯವನ್ನು ನೀವಿಬ್ಬರೂ ಕೂತು ಜೋರಾಗಿ ಓದಿ, ಸಂಜೆ ಹೊತ್ತಿನ ಸ್ಮಶಾನದಲ್ಲಿ ಗೋರಿಗಳ ನಡುವಿಂದ ಒಬ್ಬ ಎದ್ದು ಬರುತ್ತಾನಲ್ಲ, ಅಲ್ಲಿ ನಿಲ್ಲಿಸಿ.