ಕೊಡಲಿಯಿಂದ ಶುರು ಮಾಡಬೇಡಿ

ನಮಸ್ಕಾರ,

ರಷ್ಯಾದ ಪಾದ್ರಿ, ಧರ್ಮಗಳ ಇತಿಹಾಸಕಾರ ಅಲೆಕ್ಸಾಂಡರ್ ಮೆನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ಹಾಕುತ್ತೇವೆ. ನಿಮಗೆ ವಾಕ್ಯ ಕಟ್ಟಲು ಬರುತ್ತದೆ, ವಿಷಯವೂ ದೊಡ್ಡದು. ಅದಕ್ಕೇ ಸ್ವಲ್ಪ ಖಾರವಾಗಿ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಲೇಖನದ ಅರ್ಧಕ್ಕರ್ಧ ಕೊಲೆಯೇ ಇದೆ. 1990ರ ಸೆಪ್ಟೆಂಬರ್ 9, ಭಾನುವಾರದ ನಸುಕು. ಸೆಮ್ಖೋಸ್ ಎಂಬ ಊರಿನ ಮನೆಯಿಂದ ರೈಲು ಹಿಡಿಯಲು ಹೊರಟ ಪಾದ್ರಿ, ಮರಗಳ ನಡುವಿನ ಕಾಲುದಾರಿ, ತಲೆಗೆ ಬಿದ್ದ ಕೊಡಲಿ ಏಟು. ರಕ್ತ ಸುರಿಸಿಕೊಂಡು ಮನೆಯ ಗೇಟಿನವರೆಗೂ ವಾಪಸ್ ನಡೆದು ಬಂದದ್ದು, ಹೆಂಡತಿಗೆ ಮೊದಲು ಗುರುತೇ ಸಿಗದಿದ್ದದ್ದು. ಎಲ್ಲವೂ ನಡೆದದ್ದೇ, ನೀವು ಬರೆದಿರುವುದೂ ಚೆನ್ನಾಗಿದೆ. ಆದರೆ ಓದಿ ಮುಗಿಸಿದ ಮೇಲೆ ನನ್ನ ಕೈಲಿ ಉಳಿದದ್ದು ಒಂದು ಹೆಣ ಮಾತ್ರ. ಈ ಮನುಷ್ಯ ಏನು ಬರೆದರು, ಅದನ್ನು ಜನ ಜೀವ ಕೈಯಲ್ಲಿ ಹಿಡಿದುಕೊಂಡು ಯಾಕೆ ಓದಿದರು ಅನ್ನುವುದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು: "ಧರ್ಮಗಳ ಬಗ್ಗೆ ಹಲವು ಮೌಲಿಕ ಕೃತಿಗಳನ್ನು ರಚಿಸಿದರು." ಇಂಥ ಸಾಲನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ?

ಕೊಲೆ ಮಾಡಿಸಿದ್ದು ಸೋವಿಯತ್ ಗುಪ್ತ ಪೊಲೀಸ್ ಸಂಸ್ಥೆ ಕೆಜಿಬಿ ಎಂದು ನೀವು ತೀರ್ಪನ್ನೂ ಕೊಟ್ಟುಬಿಟ್ಟಿದ್ದೀರಿ. ಹಾಗೆ ನಂಬುವವರು ಇದ್ದಾರೆ. ಯಹೂದಿ ಮನೆತನದಿಂದ ಬಂದ ಪಾದ್ರಿಯನ್ನು ಸಹಿಸದ ಉಗ್ರ ರಾಷ್ಟ್ರವಾದಿಗಳ ಕೆಲಸ ಅನ್ನುವವರೂ ಇದ್ದಾರೆ. ತನಿಖೆ ನಡೆಯಿತು, ಕೆಲವರನ್ನು ಹಿಡಿದರು, ಬಿಟ್ಟರು. ಕೊಂದವರು ಯಾರು ಅಂತ ಇವತ್ತಿಗೂ ಸಾಬೀತಾಗಿಲ್ಲ. ಅಷ್ಟನ್ನೇ ಬರೆಯಿರಿ. ಎರಡು ಪ್ಯಾರಾ ಸಾಕು, ಅದೂ ಕೊನೆಯ ಕಡೆಗೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. "ಜೀವನಪೂರ್ತಿ ಸರ್ಕಾರದ ವಿರುದ್ಧ ಬಹಿರಂಗವಾಗಿ ಹೋರಾಡಿದ ಬಂಡಾಯಗಾರ" ಎಂದು ಬರೆದಿದ್ದೀರಿ. ಅದು ಅವರಲ್ಲ, ಅವರ ಗೆಳೆಯ. ಮೆನ್ ಮತ್ತು ಗ್ಲೆಬ್ ಯಾಕುನಿನ್ ಇಬ್ಬರೂ ವಿದ್ಯಾರ್ಥಿಗಳಾಗಿದ್ದಾಗ ಸೈಬೀರಿಯಾದ ಇರ್ಕುತ್ಸ್ಕ್‌ನಲ್ಲಿ ಒಂದೇ ಕೋಣೆಯಲ್ಲಿದ್ದವರು. ಯಾಕುನಿನ್ ಕೂಡ ಮುಂದೆ ಪಾದ್ರಿಯಾದರು. 1965ರಲ್ಲಿ ಅವರು, ನಿಕೊಲಾಯ್ ಎಷ್ಲಿಮಾನ್ ಎಂಬ ಇನ್ನೊಬ್ಬ ಪಾದ್ರಿ ಸೇರಿ ರಷ್ಯನ್ ಚರ್ಚಿನ ಮುಖ್ಯಸ್ಥ ಪೇಟ್ರಿಯಾರ್ಕ್ ಅಲೆಕ್ಸಿಗೆ ಬಹಿರಂಗ ಪತ್ರ ಬರೆದರು. ಸರ್ಕಾರ ಚರ್ಚಿನ ಒಳಗೆ ಕೈ ಹಾಕುತ್ತಿದೆ, ನೀವು ಬಿಷಪ್‌ಗಳು ತಲೆ ಬಗ್ಗಿಸಿ ಕೂತಿದ್ದೀರಿ ಅನ್ನುವುದು ಅದರ ತಿರುಳು. ಮರುವರ್ಷವೇ ಇಬ್ಬರನ್ನೂ ಪಾದ್ರಿ ಕೆಲಸದಿಂದ ಅಮಾನತು ಮಾಡಿದರು. ಯಾಕುನಿನ್ ಸುಮ್ಮನಾಗಲಿಲ್ಲ. 1979ರಲ್ಲಿ ಬಂಧನವಾಯಿತು, ಆಮೇಲೆ ಕೈದಿಗಳ ಕ್ಯಾಂಪು, ಗಡೀಪಾರು. ಬಿಡುಗಡೆ ಆದದ್ದು 1987ರಲ್ಲಿ.

ಮೆನ್ ಆ ಪತ್ರದ ಶುರುವಿನ ಮಾತುಕತೆಗಳಲ್ಲಿ ಇದ್ದರು. ಸಹಿ ಮಾತ್ರ ಹಾಕಲಿಲ್ಲ. ತನ್ನ ಕೆಲಸ ಬೇರೆ ಅಂದುಕೊಂಡರು: ಬರೆಯುವುದು, ಬಂದವರ ಜೊತೆ ಕೂತು ಮಾತಾಡುವುದು, ಹಳ್ಳಿಯ ಚರ್ಚನ್ನು ನಡೆಸಿಕೊಂಡು ಹೋಗುವುದು. ನೀವು ಇದನ್ನು ಮುಚ್ಚಿಟ್ಟಿದ್ದೀರಿ, ನಾಯಕ ಸಣ್ಣವನಾಗಿ ಕಾಣುತ್ತಾನೆ ಅನ್ನೋ ಹೆದರಿಕೆಯೋ ಏನೋ. ನನಗೆ ನಿಮ್ಮ ಲೇಖನದ ಜೀವ ಇರುವುದೇ ಇಲ್ಲಿ. ಒಂದೇ ಕೋಣೆಯ ಇಬ್ಬರು ಗೆಳೆಯರು, ಒಬ್ಬ ಸಹಿ ಹಾಕಿದ, ಇನ್ನೊಬ್ಬ ಹಾಕಲಿಲ್ಲ. ಯಾರು ಸರಿ? ನೀವು ಉತ್ತರ ಕೊಡಬೇಕಾಗಿಲ್ಲ, ಆದರೆ ಓದುವವರಿಗೆ ಆ ಪ್ರಶ್ನೆ ಕಾಣಬೇಕು.

ಹಾಗಂತ ಮೆನ್ ಕ್ಷೇಮವಾಗಿದ್ದರು ಅಂತಲ್ಲ. 1929ರ ಸೋವಿಯತ್ ಕಾನೂನಿನ ಪ್ರಕಾರ ಪಾದ್ರಿ ಚರ್ಚಿನೊಳಗೆ ಪೂಜೆ ಮಾಡಬಹುದಿತ್ತು, ಅಷ್ಟೇ. ಮಕ್ಕಳಿಗೆ ಧರ್ಮ ಕಲಿಸುವಂತಿಲ್ಲ, ಓದುವ ಗುಂಪು ಕಟ್ಟುವಂತಿಲ್ಲ, ಬಡವರಿಗೆ ಚರ್ಚಿನ ಹೆಸರಲ್ಲಿ ಸಹಾಯ ಮಾಡುವಂತಿಲ್ಲ. ಮೆನ್ ಜನರನ್ನು ಫ್ಲ್ಯಾಟುಗಳಲ್ಲಿ ಸಣ್ಣ ಗುಂಪುಗಳಾಗಿ ಸೇರಿಸುತ್ತಿದ್ದರು, ಬೈಬಲ್ ಕಥೆಗಳಿಗೆ ಸ್ಲೈಡ್ ಶೋ ಮಾಡಿಸುತ್ತಿದ್ದರು. ಇದೆಲ್ಲ ಆ ಕಾನೂನಿಗೆ ಅಪರಾಧ. ಕೆಜಿಬಿ ವಿಚಾರಣೆಗೆ ಕರೆಯುತ್ತಿತ್ತು, ಮನೆ ಶೋಧಿಸುತ್ತಿತ್ತು. ಬಹಿರಂಗ ಪತ್ರಕ್ಕಿಂತ ಇದು ಕಮ್ಮಿ ಧೈರ್ಯದ ಕೆಲಸವೇ? ಸದ್ದಿಲ್ಲದ ಕೆಲಸ, ಅದಕ್ಕೇ ಬರೆಯಲು ಕಷ್ಟ. ಕಷ್ಟದ್ದನ್ನೇ ಬರೆಯಿರಿ.

ಬಾಲ್ಯವನ್ನು ಎರಡು ಸಾಲಲ್ಲಿ ಮುಗಿಸಿದ್ದೀರಿ. ಅಲ್ಲಿ ಎಷ್ಟು ಇದೆ ನೋಡಿ. 1935ರ ಜನವರಿಯಲ್ಲಿ ಹುಟ್ಟಿದ ಮಗುವನ್ನು ಅದೇ ಸೆಪ್ಟೆಂಬರ್‌ನಲ್ಲಿ ತಾಯಿ ಎಲೆನಾ ಝಾಗೋರ್ಸ್ಕ್‌ಗೆ ಎತ್ತಿಕೊಂಡು ಹೋಗುತ್ತಾರೆ. ಅಲ್ಲಿ ಒಂದು ಮನೆಯಲ್ಲಿ ಅಡಗಿದ್ದುಕೊಂಡು ಭೂಗತ ಚರ್ಚ್ ನಡೆಸುತ್ತಿದ್ದ ಫಾದರ್ ಸೆರಾಫಿಮ್ ಬತ್ಯುಕೊವ್ ತಾಯಿ, ಮಗು ಇಬ್ಬರಿಗೂ ಗುಟ್ಟಾಗಿ ದೀಕ್ಷಾಸ್ನಾನ ಕೊಡುತ್ತಾರೆ. ಮುಂದೆ ಈ ಹುಡುಗ ಸೇರಿದ್ದು ಮಾಸ್ಕೋದ ತುಪ್ಪಳ ಉದ್ಯಮದ ಕಾಲೇಜು! ಓದಿದ್ದು ಜೀವಶಾಸ್ತ್ರ. ಕಾಲೇಜು ಇರ್ಕುತ್ಸ್ಕ್‌ಗೆ ಸೇರಿಹೋದಾಗ ಇವರೂ ಹೋದರು. ಅಲ್ಲಿನ ಚರ್ಚ್ ಕಚೇರಿಯಲ್ಲಿ ಒಲೆಗೆ ಬೆಂಕಿ ಹಾಕುವ ಕೆಲಸ ಮಾಡುತ್ತಿದ್ದದ್ದು ಗೊತ್ತಾಗಿ 1958ರಲ್ಲಿ, ಕೊನೆಯ ಪರೀಕ್ಷೆಗೆ ಮುಂಚೆ, ಹೊರಗೆ ಹಾಕಿದರು. ಅದೇ ವರ್ಷ ಅವರು ಡೀಕನ್, ಅಂದರೆ ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗೆ, 1960ರಲ್ಲಿ ಪಾದ್ರಿ. ಸೋವಿಯತ್ ನಾಯಕ ಕ್ರುಶ್ಚೇವ್ ಸಾವಿರಾರು ಚರ್ಚುಗಳಿಗೆ ಬೀಗ ಹಾಕಿಸುತ್ತಿದ್ದ ಕಾಲ ಅದು. ಆಗ ಪಾದ್ರಿಯಾಗುವುದು ಅಂದರೆ ಮುಳುಗುವ ಹಡಗಿಗೆ ಟಿಕೆಟ್ ತೆಗೆದುಕೊಂಡ ಹಾಗೆ. ಇದನ್ನೆಲ್ಲ ಬಿಟ್ಟು "ಬಾಲ್ಯದಿಂದಲೇ ಧಾರ್ಮಿಕ ಒಲವಿತ್ತು" ಅಂದರೆ ಏನು ಬಂತು?

ಈಗ ಪುಸ್ತಕಗಳ ವಿಷಯ. ಧರ್ಮಗಳ ಇತಿಹಾಸವನ್ನು ಅವರು ಆರು ಸಂಪುಟಗಳಲ್ಲಿ ಬರೆದರು. ಆದಿಮಾನವನ ನಂಬಿಕೆಗಳಿಂದ ಶುರುವಾಗಿ ಯೇಸುವಿನ ಕಾಲದ ಹೊಸ್ತಿಲವರೆಗೆ ಬರುವ ಕಥೆ ಅದು. ಇಂಥ ಇತಿಹಾಸ ಬರೆಯಬೇಕೆಂದು ರಷ್ಯಾದ ತತ್ವಜ್ಞಾನಿ ವ್ಲಾದಿಮಿರ್ ಸೊಲೊವ್ಯೊವ್ ಕಂಡ ಕನಸನ್ನೇ ತಾನು ಕೈಗೆತ್ತಿಕೊಂಡಿದ್ದೇನೆ ಎಂದು ಮೆನ್ ಭಾವಿಸಿದ್ದರು. ರಷ್ಯಾದಲ್ಲಿ ಅಚ್ಚು ಹಾಕುವ ಮಾತೇ ಇಲ್ಲ. ಮೊದಲ ಐದು ಸಂಪುಟ 1970ರಿಂದ 1972ರ ಒಳಗೆ ಬ್ರಸೆಲ್ಸ್‌ನಲ್ಲಿ ಬಂದವು, ಆರನೆಯದು 1983ರಲ್ಲಿ. ಮುಖಪುಟದ ಮೇಲೆ ಎಮ್ಮಾನುಯೆಲ್ ಸ್ವೆತ್ಲೊವ್ ಎಂಬ ಸುಳ್ಳು ಹೆಸರು. ಇದಕ್ಕೂ ಮೊದಲು, 1968ರಲ್ಲಿ, ಯೇಸುವಿನ ಬಗ್ಗೆ ಬರೆದ ಪುಸ್ತಕಕ್ಕೆ ಆಂದ್ರೆ ಬೊಗೊಲ್ಯುಬೊವ್ ಎಂಬ ಇನ್ನೊಂದು ಸುಳ್ಳು ಹೆಸರು. ಹಸ್ತಪ್ರತಿ ದೇಶದಿಂದ ಹೊರಗೆ ಹೋಗಲು ದಾರಿ ಬೇಕಲ್ಲ, ಮಾಸ್ಕೋದ ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಕೆಲಸಕ್ಕಿದ್ದ ಆಸ್ಯಾ ದುರೋವಾ ಅಂಥವರು ನೆರವಾದರು. ಹೊರದೇಶದಲ್ಲಿ ಅಚ್ಚಾದ ಪ್ರತಿಗಳು ಕದ್ದು ಒಳಗೆ ಬಂದು ಕೈಯಿಂದ ಕೈಗೆ ದಾಟಿದವು. ಅವರದೇ ಹೆಸರು ಹೊತ್ತು ಈ ಸಂಪುಟಗಳು ರಷ್ಯಾದ ಅಂಗಡಿಗಳಿಗೆ ಬಂದದ್ದು ಅವರು ಹೋದ ಮೇಲೆ. ಇಪ್ಪತ್ತು ವರ್ಷ ಬೇರೆಯವರ ಹೆಸರಲ್ಲಿ ಇತಿಹಾಸಕಾರನಾಗಿ ಬದುಕಿದ ಮನುಷ್ಯ! ನಿಮ್ಮ ಲೇಖನದಲ್ಲಿ ಸುಳ್ಳು ಹೆಸರಿನ ಮಾತೇ ಇಲ್ಲ.

ಓದಿದವರು ಯಾರು ಅನ್ನುವುದನ್ನೂ ಹೇಳಿ. ನಾಸ್ತಿಕತೆಯ ಪಾಠ ಕಲಿತು ಬೆಳೆದ ಎಂಜಿನಿಯರುಗಳು, ವಿಜ್ಞಾನಿಗಳು, ಮೇಷ್ಟ್ರುಗಳು. ಧರ್ಮದ ಬಗ್ಗೆ ಅವರಿಗೆ ಸುಲಭವಾಗಿ ಸಿಗುತ್ತಿದ್ದದ್ದು ಧರ್ಮವನ್ನು ಬೈಯುವ ಪುಸ್ತಕ ಮಾತ್ರ. ಅಂಥವರಿಗೆ ವಿಜ್ಞಾನ ಗೊತ್ತಿದ್ದ, ಹೆದರಿಸದ, ಕಥೆಯ ಹಾಗೆ ಬರೆಯುವ ಒಬ್ಬ ಸಿಕ್ಕಿದರು. ಕವಿ ಮಂದೆಲ್ಸ್ತಾಮ್ ಅವರ ಪತ್ನಿ ನಾದೆಜ್ದಾ, ಹಾಡುಗಾರ ಅಲೆಕ್ಸಾಂಡರ್ ಗಾಲಿಚ್ ಇಂಥವರೆಲ್ಲ ಅವರನ್ನು ಹುಡುಕಿಕೊಂಡು ಹೋದರು.

ಮೂರನೇ ಸಂಪುಟವನ್ನು ನೀವು ಬಿಟ್ಟಿರುವುದು ನನಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಅದು ಇರುವುದೇ ಚೀನಾ ಮತ್ತು ಭಾರತದ ಮೇಲೆ! ಉಪನಿಷತ್ತು, ಬುದ್ಧ, ಮಹಾವೀರ, ಗೀತೆ, ಎಲ್ಲ ಅಲ್ಲಿದೆ. ಮಾಸ್ಕೋ ಹತ್ತಿರದ ಹಳ್ಳಿಯಲ್ಲಿ ಕೂತು, ಸಿಕ್ಕ ಅನುವಾದಗಳನ್ನು ನೆಚ್ಚಿಕೊಂಡು, ಒಬ್ಬ ಆರ್ಥೊಡಾಕ್ಸ್ ಪಾದ್ರಿ ಬುದ್ಧನ ಬಗ್ಗೆ ಗೌರವದಿಂದ ಬರೆಯುತ್ತಾರೆ. ಆದರೆ ಅವರ ಲೆಕ್ಕದಲ್ಲಿ ಎಲ್ಲ ದಾರಿಗಳೂ ಕೊನೆಗೆ ಯೇಸುವಿನ ಕಡೆಗೇ. ಬುದ್ಧ ಮೌನದ ಬಾಗಿಲವರೆಗೆ ಬಂದು ನಿಂತವನು, ಆಚೆಗಿನ ಮಾತು ಬೇರೆ ಕಡೆಯಿಂದ ಬರಬೇಕು, ಹೀಗೆ. ನನಗೆ ಇದು ಒಪ್ಪಿಗೆಯಿಲ್ಲ. ಬುದ್ಧನಿಗೆ ಬಾಗಿಲಿನ ಆಚೆ ಇನ್ನೊಂದು ಮನೆ ಬೇಕಿತ್ತು ಅಂತ ಯಾರು ಹೇಳಿದರು? ನಿಮಗೆ ಏನನ್ನಿಸಿತು ಬರೆಯಿರಿ. ಮೆನ್ ಜೊತೆ ಜಗಳ ಆಡಿದರೆ ಅವರಿಗೆ ಅವಮಾನ ಆಗುವುದಿಲ್ಲ. ನಿಮ್ಮ ಲೇಖನದಲ್ಲಿ ಆರತಿ ಎತ್ತಿದ್ದು ಜಾಸ್ತಿ ಆಯಿತು. ಅವರದೇ ಚರ್ಚಿನಲ್ಲಿ ಅವರ ಪುಸ್ತಕಗಳನ್ನು ಆಗದವರು ಈಗಲೂ ಇದ್ದಾರೆ, ಅದನ್ನೂ ಸೇರಿಸಿ.

ತಲೆಬರಹದ "ಸಂತ" ತೆಗೆಯಿರಿ, ಚರ್ಚ್ ಅವರನ್ನು ಸಂತ ಎಂದು ಘೋಷಿಸಿಲ್ಲ. 1988ರ ಮೇಲೆ ಕಟ್ಟು ಸಡಿಲವಾಗಿ, ಅವರು ಶಾಲೆ, ಕಾಲೇಜು, ಸಭಾಂಗಣ ಅಂತ ಓಡಾಡುತ್ತ ಉಪನ್ಯಾಸ ಕೊಟ್ಟ ಆ ಎರಡು ವರ್ಷಕ್ಕೆ ಒಂದು ಪುಟ ಕೊಡಿ. ಸಾಯುವ ಹಿಂದಿನ ಸಂಜೆಯೂ ಮಾಸ್ಕೋದಲ್ಲಿ ಮಾತಾಡಿದ್ದರು, ವಿಷಯ ಕ್ರೈಸ್ತ ಧರ್ಮ. ರಷ್ಯನ್ ಹೆಸರುಗಳನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿದ್ದೀರಿ, ಒಂದೇ ರೂಪ ಇರಲಿ. ಫೋಟೋ ಎಲ್ಲಿಂದ ತೆಗೆದುಕೊಂಡಿರಿ ಅಂತ ತಿಳಿಸಿ, ಹಕ್ಕು ಯಾರದು ನೋಡಬೇಕು. ಅವಸರ ಏನಿಲ್ಲ, ಮೂರನೇ ಸಂಪುಟ ಓದಿಯೇ ಕಳಿಸಿ.