ಎಂಬೆಡೆಡ್ ಬೋರ್ಡ್‌ನ ಲಿನಕ್ಸ್ ಈಥರ್ನೆಟ್ ಡ್ರೈವರ್‌ಗೆ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಬೋರ್ಡನ್ನು ಗುರುತಿಸುವ 6 ಬೈಟ್‌ಗಳ ಸಂಖ್ಯೆ) ಕೊಡುವ ಪ್ಯಾಚ್, ಅಂದರೆ ಕೋಡ್ ಬದಲಾವಣೆ, ಬಂದಿದೆ. ರಿವ್ಯೂ ಮಾಡುವಾಗ ಏನು ನೋಡಬೇಕು?

ಮೊದಲು ನೋಡಬೇಕಾದ್ದು ತಪ್ಪು ಬಂದಾಗ ಕೋಡ್ ಎತ್ತ ಹೋಗುತ್ತದೆ ಎಂಬುದನ್ನು. ವಿಳಾಸ ಈಪ್ರಾಮ್ ಅಥವಾ ಚಿಪ್‌ನ ಫ್ಯೂಸ್‌ನಲ್ಲಿದ್ದರೆ (ಎರಡೂ ವಿದ್ಯುತ್ ಹೋದರೂ ಅಳಿಯದ ಮೆಮೊರಿ) ಅದು ಅಂಥ ಮೆಮೊರಿ ಓದುವ ಕರ್ನಲ್ ವ್ಯವಸ್ಥೆಯಾದ ಎನ್‌ವಿಮೆಮ್ ಮೂಲಕ ಬರುತ್ತದೆ. ಎನ್‌ವಿಮೆಮ್ ಡ್ರೈವರ್ ಇನ್ನೂ ಲೋಡ್ ಆಗಿಲ್ಲದಿದ್ದರೆ 'ಓಎಫ್_ಗೆಟ್_ಈಥ್‌ಡೆವ್_ಅಡ್ರೆಸ್' ಫಂಕ್ಷನ್ ಇಪ್ರೋಬ್_ಡಿಫರ್ ('ಆಮೇಲೆ ಮತ್ತೆ ಪ್ರಯತ್ನಿಸಿ' ಎಂಬ ಎರರ್ ಕೋಡ್) ಹಿಂದಿರುಗಿಸುತ್ತದೆ. ಈಥರ್ನೆಟ್ ಡ್ರೈವರ್ ಶುರುವಾಗುವಾಗ ಓಡುವ ಪ್ರೋಬ್ ಫಂಕ್ಷನ್ ಅದನ್ನು ಹಾಗೇ ಮೇಲಕ್ಕೆ ದಾಟಿಸಬೇಕು. ಬಹಳ ಮಂದಿ 'ಏನೋ ಎರರ್' ಎಂದು ನೇರ ರ‍್ಯಾಂಡಮ್ ವಿಳಾಸಕ್ಕೆ ಜಾರುತ್ತಾರೆ. ಆಗ ಬೋರ್ಡ್ ಪ್ರತಿ ಬೂಟ್‌ಗೂ ಹೊಸ ಮ್ಯಾಕ್ ಹೊತ್ತು ಬರುತ್ತದೆ, ಡಿಎಚ್‌ಸಿಪಿ ಬೇರೆ ಐಪಿ ಕೊಡುತ್ತದೆ. ಲೋಡ್ ಆಗುವ ಕ್ರಮ ಬದಲಾದರೆ ಮಾತ್ರ ಕಾಣಿಸುವ ದೋಷವಾದ್ದರಿಂದ ಟೆಸ್ಟಿಂಗ್‌ನಲ್ಲಿ ಸಿಕ್ಕುವುದೇ ಅಪರೂಪ.

ವಿಳಾಸ ಕೂರುವ 'ಡೆವ್_ಅಡ್ರ್'ಗೆ ನೇರ ಮೆಮ್‌ಕಾಪಿ ಮಾಡಿದ್ದರೆ ಪ್ಯಾಚ್ ವಾಪಸ್ ಕಳಿಸಿ. ಲಿನಕ್ಸ್ 5.17ರಿಂದ ಅದು ಕಾನ್ಸ್ಟ್ (ನೇರ ಬರೆಯುವಂತಿಲ್ಲ), 'ಈಥ್_ಎಚ್‌ಡಬ್ಲ್ಯು_ಅಡ್ರ್_ಸೆಟ್' ಬಳಸಬೇಕು. ರ‍್ಯಾಂಡಮ್‌ಗೆ 'ಈಥ್_ಎಚ್‌ಡಬ್ಲ್ಯು_ಅಡ್ರ್_ರ‍್ಯಾಂಡಮ್' ಇದೆ, ವಿಳಾಸ ರ‍್ಯಾಂಡಮ್ ಎಂಬ ಗುರುತನ್ನೂ ಅದೇ ಹಾಕುತ್ತದೆ. ಹಾಗೆ ಮಾಡಿದಾಗ ಲಾಗ್‌ನಲ್ಲಿ ಒಂದು ಎಚ್ಚರಿಕೆ ಸಾಲು ಇರಲಿ.

ರಿಜಿಸ್ಟರ್‌ನಿಂದ ನೇರ ಓದುವ ಕೋಡ್‌ನಲ್ಲಿ ಬೈಟ್ ಕ್ರಮ ಪರೀಕ್ಷಿಸಿ. ಐ.ಎಂಎಕ್ಸ್ ಚಿಪ್‌ಗಳ ಫ್ಯೂಸ್‌ಗಳಲ್ಲಿ 6 ಬೈಟ್‌ಗಳು ತಿರುಗುಮುರುಗಾಗಿರುವುದರಿಂದಲೇ ಅದರ ಎನ್‌ವಿಮೆಮ್ ಡ್ರೈವರ್ ಅವನ್ನು ತಿರುಗಿಸಿ ಕೊಡುತ್ತದೆ. ಈಥರ್ನೆಟ್ ಡ್ರೈವರ್ ಮತ್ತೆ ತಿರುಗಿಸಿದರೆ ಕೆಟ್ಟಿತು. 'ಈಸ್_ವ್ಯಾಲಿಡ್_ಈಥರ್_ಅಡ್ರ್' ಪೂರ್ತಿ ಸೊನ್ನೆ ಮತ್ತು ಮಲ್ಟಿಕಾಸ್ಟ್ ವಿಳಾಸಗಳನ್ನಷ್ಟೇ ತಳ್ಳಿಹಾಕುತ್ತದೆ, ತಲೆಕೆಳಗಾದದ್ದನ್ನು ಹಿಡಿಯುವ ಖಾತರಿಯಿಲ್ಲ. ಬೋರ್ಡ್ ಮೇಲಿನ ಲೇಬಲ್ ಜೊತೆ ಹೋಲಿಸಿದ ಔಟ್‌ಪುಟ್ ಕೇಳಿ.

ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್) ನಿಜವಾದ ಮ್ಯಾಕ್ ಬರೆದಿಟ್ಟಿದ್ದರೆ ಬೇಡ ಎನ್ನಿ: ಆ ಮಾದರಿಯ ಎಲ್ಲ ಬೋರ್ಡ್‌ಗಳೂ ಒಂದೇ ವಿಳಾಸದಲ್ಲಿ ಕಿತ್ತಾಡುತ್ತವೆ. 'ಲೋಕಲ್-ಮ್ಯಾಕ್-ಅಡ್ರೆಸ್' ಸೊನ್ನೆಯಾಗಿರಲಿ, ಬೂಟ್‌ಲೋಡರ್ ಆದ ಯು-ಬೂಟ್ ತುಂಬಿಕೊಳ್ಳುತ್ತದೆ. ಯಾವ ಈಥರ್ನೆಟ್‌ಗೆ ತುಂಬಬೇಕೆಂದು ಅದಕ್ಕೆ ತಿಳಿಯಲು ಡಿವೈಸ್ ಟ್ರೀಯಲ್ಲಿ 'ಈಥರ್ನೆಟ್0' ಅಲಿಯಾಸ್ (ಅಡ್ಡಹೆಸರು) ಇದೆಯೇ ನೋಡಿ.